ಏಳರ ತನಕ

ನನ್ನದು ಕತ್ತರಿ ಕೆಲಸ.
ಹತ್ತೊಂಬತ್ತು ವರ್ಷ ನೆವಿಲ್ ಕೋಲ್‌ಬೆಕ್‌ನ ಚಿತ್ರಗಳನ್ನು
ನಾನೇ ತುಂಡರಿಸಿದ್ದೇನೆ, ನಾನೇ ಅಂಟಿಸಿದ್ದೇನೆ,
ಗ್ರಿಮ್ಸ್‌ಬಿಯ ಬಂದರಿಗೆ ಬೆನ್ನು ಹಾಕಿದ ಮಹಡಿಯ ಕೋಣೆಯಲ್ಲಿ.
ಕೆಳಗೆ ಮೀನಿಗೆ ಹೊಗೆ ಕೊಡುವ ಮನೆ.
ನಾವು ಕಟ್ಟಿದ ಒಂದೇ ಒಂದು ಪ್ರೇಮಕಥೆಗೂ
ಹ್ಯಾಡಕ್ ಮೀನಿನ ವಾಸನೆ.

ಒಂಬತ್ತು ಚಿತ್ರ.
ಒಂಬತ್ತರಲ್ಲೂ ಒಂದು ಮರದ ಮೆಟ್ಟಿಲ ಸಾಲು,
ಅಡಿಯಿಂದ ಹಿಡಿದದ್ದು.
ಒಂಬತ್ತರಲ್ಲೂ ಬೂಟು. ಬೂಟಿನ ಮೇಲೆ ಮುಖವಿಲ್ಲ.
ಏಳು ಹೆಜ್ಜೆ ಹತ್ತುತ್ತದೆ,
ಅಲ್ಲಿಗೆ ಕಟ್.

ಎಂಟನೆಯದೂ ಇರಲಿ ಅಂದಿದ್ದೆ, ಮೂರನೆಯ ಚಿತ್ರಕ್ಕೆ.
ಏಳು, ಅಂದ.
ಯಾಕೆ, ಅಂದೆ.
ಚಹಾದ ಪಿಂಗಾಣಿ ಲೋಟ ಗೋಡೆಗೆ ಹೋಯಿತು.
ಆಮೇಲೆ ತಾನೇ ಮೊಣಕಾಲೂರಿ ಚೂರು ಆರಿಸಿದ,
ಒಂದೊಂದನ್ನೂ ಎಣಿಸುತ್ತ.

ಲಂಡನ್ನಿನ ಪತ್ರಿಕೆಗಳು ಏಳಕ್ಕೆ ಅರ್ಥ ಹುಡುಕಿದವು:
ಏಳು ಪಾಪ, ಸೃಷ್ಟಿಯ ಏಳು ದಿನ, ಇನ್ನೂ ಏನೇನೋ.
ಅವನ್ನೆಲ್ಲ ನೀಟಾಗಿ ಕತ್ತರಿಸಿ
ಕಕ್ಕಸಿನ ಗೋಡೆಗೆ ಹಚ್ಚಿದ.

ಮಿಷಿನ್ ಕೆಟ್ಟು ಕೂತ ಒಂದು ರಾತ್ರಿ, ಕೇಳದೆಯೇ ಹೇಳಿದ:

ಅಪ್ಪ ಟ್ರಾಲರಿನವನು.
ಮೂರು ವಾರ ಐಸ್‌ಲ್ಯಾಂಡಿನ ಕಡಲು, ಮೂರು ದಿನ ಮನೆ.
ಆ ಮೂರು ದಿನ ಬೀದಿಗೆಲ್ಲ ದೊರೆ,
ಪಬ್ಬಿನಲ್ಲಿ ಕಂಡವರ ಲೆಕ್ಕವೆಲ್ಲ ಅವನೇ ಚುಕ್ತಾ.
ನಮ್ಮ ಲೆಕ್ಕ, ಮನೆಗೆ ಬಂದ ಮೇಲೆ.
ಚಿಲಕದ ಸದ್ದಿಗೇ ನಾನು ಮೆಟ್ಟಿಲಡಿಯ ಕಲ್ಲಿದ್ದಲ ಗೂಡಿಗೆ.
ಹಲಗೆಗಳ ನಡುವೆ ಸೀಳು,
ಸೀಳಿನಿಂದ ಇಳಿದ ದೀಪ ಅಂಗೈ ಮೇಲೆ ಗೆರೆ.
ಅವನು ಹತ್ತಿದಂತೆ ಒಂದೊಂದೇ ಗೆರೆ ಆರಿ, ಮತ್ತೆ ಹತ್ತಿ,
ಬೆಳಕು, ಕತ್ತಲು, ಬೆಳಕು, ಕತ್ತಲು.
ಕಾಸಿಲ್ಲದೆ ಕಂಡ ಮೊದಲ ಸಿನಿಮಾ, ಎಂದು ನಕ್ಕ.
ನಾನು ನಗಲಿಲ್ಲ. ಮಿಷಿನ್ ಸರಿಹೋಯಿತು.

ಅಯ್ಯೋ ಪಾಪ ಅನ್ನುವ ಮೊದಲು ಇದನ್ನೂ ಕೇಳಿ.
ಐದನೆಯ ಚಿತ್ರಕ್ಕೆ ಒಬ್ಬ ಎಂಟು ವರ್ಷದ ಹುಡುಗನನ್ನು
ಹೇಳದೆ ಕೇಳದೆ ಕಪಾಟಿನಲ್ಲಿ ಕೂಡಿ
ಹೊರಗೆ ಬೂಟು ಕುಟ್ಟಿಸಿದ.
ಅಳು ಬಹಳ ಚೆನ್ನಾಗಿ ಬಂತು.
ಹನ್ನೊಂದು ಸೆಕೆಂಡು ಉಳಿಸಿಕೊಂಡವಳು ನಾನು.
ಬಹುಮಾನ ಬಂತು. ಇಬ್ಬರೂ ಹೋಗಿ ತಂದೆವು.

ಒಂಬತ್ತನೆಯದಕ್ಕೆ ಅವನ ತಾಯಿ ಎಡ್ನಾ ಬಂದಳು.
ಎಪ್ಪತ್ತೆಂಟು. ಮಗನ ಯಾವ ಚಿತ್ರವನ್ನೂ ಅದುವರೆಗೆ ನೋಡಿದವಳಲ್ಲ.
ಕ್ಲೀತಾರ್ಪ್ಸ್‌ನ ಹಳೆಯ ಟಾಕೀಸಿನಲ್ಲಿ
ಕೋಟು ಬಿಚ್ಚದೆ, ಕೈಚೀಲ ತೊಡೆಯ ಮೇಲಿಟ್ಟು,
ನಮ್ಮಿಬ್ಬರ ನಡುವೆ ಕೂತಳು.
ಬೂಟು ಹತ್ತಿತು. ಏಳು.
ಕಟ್. ಪರದೆಯ ತುಂಬ ಕಡಲು.
ಪಕ್ಕದಲ್ಲಿ ಪಿಸುದನಿ ಮಾತ್ರ ನಿಲ್ಲಲಿಲ್ಲ,
ಎಂಟು, ಒಂಬತ್ತು, ಹತ್ತು,
ಹನ್ನೊಂದು,
ಹನ್ನೆರಡು.
ಹದಿಮೂರಕ್ಕೆ ಕೈಚೀಲದ ಕೊಂಡಿ ಟಕ್ಕೆಂದಿತು.

ಹೊರಗೆ ಗಾಳಿಯಲ್ಲಿ, ತಲೆಯ ಸ್ಕಾರ್ಫ್ ಗಂಟು ಹಾಕುತ್ತ ಅಂದಳು:
ಚೆನ್ನಾಗಿ ತೆಗೆದಿದ್ದೀಯ.
ಆದರೆ ನೆವಿಲ್, ಮೆಟ್ಟಿಲು ಹದಿಮೂರು.
ನಿನ್ನ ತಲೆಯ ಮೇಲಿದ್ದವು ಏಳು.
ಉಳಿದವು ತಿರುವಿನಾಚೆ, ನನ್ನ ಕೋಣೆಗೆ.
ಮತ್ತೆ ಬಸ್ಸಿನ ಪಾಸು ಹುಡುಕತೊಡಗಿದಳು.

ಎರಡು ತಿಂಗಳು ಅವನ ಸುದ್ದಿಯಿಲ್ಲ.
ಕಳೆದ ಮಂಗಳವಾರ ನಡುರಾತ್ರಿ ಫೋನು:
ಆರು ಹೆಜ್ಜೆ ಬೇಕು. ಚಿತ್ರ ಬೇಡ, ಸದ್ದು ಸಾಕು.

ಅವನು ಹತ್ತಲಾರ. ನಾನೇ ಹತ್ತಿದೆ,
ದೊಡ್ಡ ಬೂಟಿಗೆ ಹಳೆಯ ಪೇಪರ್ ತುರುಕಿಕೊಂಡು,
ಹೊಗೆಮನೆಯ ಏಣಿಮೆಟ್ಟಿಲನ್ನು.
ಅವನು ಅಡಿಯಲ್ಲಿ ಮೈಕು ಹಿಡಿದು, ಮಂಡಿ ಮಡಚಿ ಕೂತ.
ಐವತ್ತೆರಡರ ಗಂಡಸು, ಇಷ್ಟೇ ಇಷ್ಟು ಜಾಗದಲ್ಲಿ.

ಟೇಪು ಈಗ ಮೇಜಿನ ಮೇಲಿದೆ.
ನನ್ನ ಹೆಜ್ಜೆಗಿಂತ ಅವನ ಉಸಿರೇ ಜೋರಾಗಿ ಬಂದಿದೆ.
ಅದನ್ನು ತೆಗೆದುಬಿಡು ಅಂದಿದ್ದಾನೆ.
ಆ ಹುಡುಗನ ಅಳು ಉಳಿಸಿದ ಕೈಯೂ ಇದೇ.
ಕೆಳಗೆ ಮೀನಿಗೆ ಹೊಗೆ ಹಾಕಿದ್ದಾರೆ, ಕಣ್ಣು ಉರಿಯುತ್ತದೆ.
ಕತ್ತರಿ ತೆರೆದೇ ಇದೆ.